ವಾರೆ ಮೇಸ್ತ್ರಿಯ ಮನೆ

ನಮ್ಮ ಅತ್ತೆಯ ಮನೆಯಲ್ಲಿ ಕೈಜಾರಿ ಬಿದ್ದ ನಿಂಬೆಹಣ್ಣನ್ನು ಯಾರೂ ಹುಡುಕುತ್ತಿರಲಿಲ್ಲ. ಎಲ್ಲಿಂದ ಉರುಳಿದರೂ ಅದು ಕೊನೆಗೆ ಹಿತ್ತಲ ಬಾಗಿಲ ಮೂಲೆಯಲ್ಲೇ ಸಿಗುತ್ತಿತ್ತು. ದಾರದ ಉಂಡೆ, ಪೆನ್ಸಿಲ್ಲು, ಮಾವನ ರಕ್ತದೊತ್ತಡದ ಮಾತ್ರೆ, ಎಲ್ಲಕ್ಕೂ ಅದೇ ವಿಳಾಸ. ಇಡೀ ಮನೆ ಸಮುದ್ರದ ಕಡೆಯಿಂದ ಗುಡ್ಡದ ಕಡೆಗೆ ವಾಲಿತ್ತು. ಬಹಳವೇನಲ್ಲ, ಬೀದಿಯಲ್ಲಿ ನಿಂತು ನೋಡಿದರೆ ಎಂಥವರಿಗೂ ಕಾಣುವಷ್ಟು. ಬೇರೆ ಯಾರದೋ ಮನೆಯಾಗಿದ್ದರೆ ಇದು ದೊಡ್ಡ ಸಂಗತಿಯಲ್ಲ. ಆದರೆ ಇದನ್ನು ಕಟ್ಟಿದವರು ನಮ್ಮ ಮಾವ, ಮತ್ತು ಮಾವನ ಕಸುಬೇ ಮನೆ ಕಟ್ಟುವುದು.

ಊರಿನವರಿಗೆ ಅವರು ಎದುರಿಗೆ ಮೇಸ್ತ್ರಿ, ಬೆನ್ನ ಹಿಂದೆ ವಾರೆ ಮೇಸ್ತ್ರಿ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ಹೊಸತರಲ್ಲಿ ತರಕಾರಿ ಅಂಗಡಿಯವನು ವಾರೆ ಮೇಸ್ತ್ರಿಯ ಸೊಸೆ ನೀವೇನಾ ಎಂದು ಕೇಳಿದ್ದಕ್ಕೆ, ತಕ್ಕಡಿಯಲ್ಲಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟು ದಡದಡನೆ ಮನೆಗೆ ಬಂದಿದ್ದೆ. ಅತ್ತೆ ನನ್ನ ಸಿಟ್ಟನ್ನು ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡರೆ, ಈರುಳ್ಳಿ ತರದೆ ಬಂದದ್ದಕ್ಕೆ ಬೈದರು.

ಆ ಮನೆಯಲ್ಲಿ ಪ್ರತಿಯೊಂದು ಸಾಮಾನಿಗೂ ಗುಡ್ಡದ ಕಡೆಯ ಕಾಲುಗಳ ಕೆಳಗೆ ಮರದ ಚಕ್ಕೆ ಇರುತ್ತಿತ್ತು. ಊಟದ ಮೇಜಿಗೆ ಚಕ್ಕೆ, ಒಲೆಗೆ ಚಕ್ಕೆ, ಪುಸ್ತಕದ ಕಪಾಟಿಗೆ ಚಕ್ಕೆ. ಎಲ್ಲವನ್ನೂ ಮಾವನೇ ನಯವಾಗಿ ಕೆತ್ತಿ ಇಟ್ಟಿದ್ದರು. ಅಡುಗೆಮನೆಯ ಗೋಡೆಬೀರುವಿನ ಬಾಗಿಲು ಮಾತ್ರ ಚಕ್ಕೆಗೆ ಬಗ್ಗದೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಅದನ್ನು ಮುಚ್ಚಿಡಲು ಅತ್ತೆ ಹಿಡಿಗೆ ದಾರ ಕಟ್ಟಿ, ಪಕ್ಕದ ಮೊಳೆಯ ಮೇಲಿಂದ ಹಾಯಿಸಿ, ತುದಿಗೊಂದು ಭಾರ ಇಳಿಬಿಟ್ಟಿದ್ದರು. ಆ ಭಾರ ಯಾವುದೆಂದರೆ ಮಾವನ ತೂಗುಗುಂಡು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು.

ಚಕ್ಕೆ ಇಲ್ಲದ ಸಾಮಾನು ಮನೆಯಲ್ಲಿ ಒಂದೇ, ಅತ್ತೆ ಮಾವನ ಮಂಚ. ಅದಕ್ಕೂ ಎರಡು ಚಕ್ಕೆ ಕೊಡುತ್ತೇನೆ ಎಂದು ಮಾವ ಆಗಾಗ ಹೇಳುತ್ತಿದ್ದರು. ಅತ್ತೆ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ಸರಿ ಮಾಡಿ ಮುಚ್ಚಿಟ್ಟರೆ ಇವರ ಕೈಚಳಕ ಜನಕ್ಕೆ ಗೊತ್ತಾಗುವುದು ಹೇಗೆ, ಒಂದಾದರೂ ಸಾಕ್ಷಿ ಇರಲಿ ಎನ್ನುತ್ತಿದ್ದರು. ಮಾವ ನಗುತ್ತಿದ್ದರು. ನನಗೆ ಮಾತ್ರ ಅತ್ತೆ ದಿನಾ ಗಾಯ ಕೆದಕುತ್ತಾರೆ ಅನ್ನಿಸಿ ಮೈ ಉರಿಯುತ್ತಿತ್ತು.

ಮನೆಯ ಕತೆಯನ್ನು ನನ್ನ ಗಂಡ ಹೇಳಿದ್ದ. ಮಾವ ಅದನ್ನು ಕಟ್ಟಿದ್ದು ಮದುವೆಗೆ ಮುಂಚೆ. ಅತ್ತೆಯ ತವರು ಆಗ ಎದುರು ಬೀದಿಯಲ್ಲೇ ಇತ್ತು. ಅವರು ಮಹಡಿಯ ಕಿಟಕಿಯಲ್ಲಿ ಕೂತು ಉಲ್ಲನ್ ಟೋಪಿ ಹೆಣೆಯುತ್ತಿದ್ದರಂತೆ, ಇವರು ಕೆಳಗೆ ಕಲ್ಲು ಕೂರಿಸುತ್ತಿದ್ದರಂತೆ. ಮದುವೆಯಾಗಿ ಎರಡನೇ ವಾರಕ್ಕೇ ಒಂದು ಭೂಕಂಪವಾಯಿತು. ಬೀದಿಯ ಮನೆಗಳೆಲ್ಲ ಬಾಯಿಬಿಟ್ಟವು, ಕೆಲವು ಕುಸಿದವು. ಮಾವನ ಮನೆಯಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಊರೆಲ್ಲ ಅವರನ್ನು ಹೊಗಳಿತು. ಆಮೇಲೆ ಒಬ್ಬೊಬ್ಬರೇ ಮನೆಗಳನ್ನು ಕೆಡವಿ ಹೊಸದಾಗಿ ಮಟ್ಟ ನೋಡಿ ಕಟ್ಟಿದಾಗ, ಆ ನೆಟ್ಟನೆಯ ಗೋಡೆಗಳ ನಡುವೆ ಇದೊಂದು ವಾಲಿರುವುದು ಕಣ್ಣಿಗೆ ಬಿತ್ತು. ಭೂಕಂಪದಿಂದ ಹೀಗಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಭೂಕಂಪವಾದರೆ ಗೋಡೆ ಸೀಳುತ್ತದೆ. ಒಂದು ಬಿರುಕೂ ಇಲ್ಲದ ಮನೆ ವಾಲಿದೆ ಅಂದರೆ ಅದು ಮೊದಲಿನಿಂದಲೇ ವಾರೆ ಎಂದು ಎಲ್ಲರೂ ತೀರ್ಮಾನಿಸಿದರು. ಮಾವ ಗುಂಡು ಇಳಿಬಿಟ್ಟು ನೋಡಿದರು. ಗೋಡೆ ದಾರದಿಂದ ದೂರ ಸರಿದಿತ್ತು. ತಮ್ಮ ಕೈಯೇ ತಪ್ಪಿತ್ತೆಂದು ಅವರೂ ನಂಬಿ, ಗುಂಡನ್ನು ಹೆಂಡತಿಯ ಕೈಗೆ ಕೊಟ್ಟು ಏನಾದರೂ ಮಾಡಿಕೋ ಎಂದರಂತೆ. ಅಲ್ಲಿಂದ ಮುಂದೆ ಅವರಿಗೆ ಯಾರೂ ಮನೆ ಕಟ್ಟಲು ಕೊಡಲಿಲ್ಲ. ಬೇರೆ ಮೇಸ್ತ್ರಿಗಳ ಕೈಕೆಳಗೆ ಗಾರೆ ಬಳಿದು, ಕಾಂಪೌಂಡ್ ಗೋಡೆ ಎತ್ತಿ ಬದುಕು ಸವೆಸಿದರು.

ಯಾರಾದರೂ ಮನೆಯ ವಾರೆಯ ಮಾತೆತ್ತಿದರೆ ಅತ್ತೆಯ ಬಳಿ ಒಂದು ಉತ್ತರ ಸಿದ್ಧವಾಗಿರುತ್ತಿತ್ತು. ಕಟ್ಟುವಾಗ ಇವರ ಕಣ್ಣು ಗೋಡೆಯ ಮೇಲಿರಲಿಲ್ಲ, ನನ್ನ ಕಿಟಕಿಯ ಮೇಲಿತ್ತು ಎನ್ನುತ್ತಿದ್ದರು. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು.

ಹೋದ ವರ್ಷ ಮಾವನ ಬಲಗೈ ನಡುಗತೊಡಗಿತು. ಚಹಾದ ಲೋಟ ಎತ್ತಲು ಎರಡೂ ಕೈ ಬೇಕಾದವು. ಒಂದು ಬೆಳಿಗ್ಗೆ ಅವರು ಸಮುದ್ರದ ಕಡೆಯ ಗೋಡೆಯ ಪಕ್ಕ ಮರಳು ಸುರಿಸಿಕೊಂಡು, ಸುತ್ತಿಗೆ ಹಿಡಿದು ಗಾರೆ ಕೆತ್ತಲು ನಿಂತರು. ಕೈ ಪೂರ್ತಿ ಕೈಕೊಡುವ ಮೊದಲು ಗೋಡೆಗಳನ್ನು ಒಂದೊಂದಾಗಿ ಕೆಡವಿ ನೆಟ್ಟಗೆ ಕಟ್ಟುತ್ತೇನೆ ಎಂದು ಪಟ್ಟು ಹಿಡಿದರು. ಅತ್ತೆ ಬೈದರು, ನನ್ನ ಗಂಡ ಕೈಮುಗಿದ, ನಾನು ಸುತ್ತಿಗೆ ಬಚ್ಚಿಟ್ಟೆ. ಅವರು ಪಕ್ಕದ ಮನೆಯಿಂದ ಇನ್ನೊಂದು ತಂದರು.

"ನಾನು ಹೋದ್ಮೇಲೂ ಈ ಗೋಡೆ ನಿಂತಿರುತ್ತೆ ಕಣಮ್ಮ," ಎಂದರು ನನಗೆ. "ನೋಡಿದೋರೆಲ್ಲ ನನ್ನ ಹೆಸರು ಹೇಳ್ತಾರೆ. ಯಾವ ಹೆಸರು ಅಂತ ನಿನಗೇ ಗೊತ್ತಲ್ಲ."

ಆ ಎರಡನೇ ಸುತ್ತಿಗೆಯನ್ನು ನಾನು ಬಚ್ಚಿಡಲು ಹೋಗಲಿಲ್ಲ.

ನನ್ನ ಕೆಲಸ ಭೂವಿಜ್ಞಾನ. ಆ ಕಡಲಂಚಿನ ನೆಲ ಎಲ್ಲಿ ಎಷ್ಟು ಮೇಲೆದ್ದಿದೆ ಎಂದು ಅಳೆಯುವುದಕ್ಕೇ ನಮ್ಮ ಕಚೇರಿ ನನ್ನನ್ನು ಅಲ್ಲಿ ಇಟ್ಟಿತ್ತು. ಊರ ಹಿಂದಿನ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದೊಂದು ಮೆಟ್ಟಿಲೂ ಒಂದು ಕಾಲದ ಸಮುದ್ರತೀರ. ಮೇಲಿನ ಮೆಟ್ಟಿಲಿನಲ್ಲಿ ಅಗೆದರೆ ಇಂದಿಗೂ ಕಪ್ಪೆಚಿಪ್ಪು ಸಿಗುತ್ತದೆ. ಕಡಲಿನಾಳದಲ್ಲಿ ಒಂದು ದೊಡ್ಡ ಬಿರುಕಿದ್ದು, ಅದರ ಈಚೆಗಿನ ನೆಲ ಆಚೆಗಿನ ನೆಲದ ಮೇಲೆ ಹತ್ತಲು ತಳ್ಳುತ್ತಿದೆ. ತಳ್ಳಿದಾಗ ಮೇಲಿನ ಪದರಗಳು ಮಡಿಕೆ ಬಿದ್ದು ಉಬ್ಬುತ್ತವೆ. ಹೆಚ್ಚಿನ ಕಾಲ ಇದು ಯಾರಿಗೂ ಗೊತ್ತಾಗದಂತೆ ನಡೆಯುತ್ತದೆ, ಯಾವಾಗಲೋ ಒಮ್ಮೆ ಭೂಕಂಪವಾಗಿ ಒಂದೇ ಏಟಿಗೆ ನಡೆಯುತ್ತದೆ. ಸಮುದ್ರ ಹಿಂದೆ ಸರಿಯಿತು ಎಂದು ಊರಿನವರು ಅನ್ನುತ್ತಾರೆ. ನಿಜಕ್ಕೂ ನೆಲ ಎದ್ದಿರುತ್ತದೆ. ಅತ್ತೆ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಕಟ್ಟಿದ್ದದ್ದು ಹಿಂದೆ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆಗೆ. ಈಗ ಅದರ ಸುತ್ತ ಹುಲ್ಲು ಬೆಳೆದಿದೆ.

ಆ ವಾರ ನಾನು ತೀರದ ಬಂಡೆಗಳಲ್ಲಿ ಸತ್ತ ಚಿಪ್ಪುಗಳ ಬಿಳಿ ಪಟ್ಟಿಯನ್ನು ಅಳೆಯುತ್ತಿದ್ದೆ. ಹಿಂದೆ ನೀರು ಮುಟ್ಟುತ್ತಿದ್ದ ಗೆರೆ ಅದು. ಕಡಲಿಗೆ ಚಾಚಿಕೊಂಡ ಬಂಡೆಯ ಮೂತಿಯಲ್ಲಿ ಅದು ನನ್ನ ತಲೆಗಿಂತ ಮೇಲಿತ್ತು. ಅಳಿವೆಯ ಒಳಗೆ ಹೋದಂತೆ ಇಳಿಯುತ್ತ ಮೊಣಕಾಲಿಗೆ ಬಂತು. ಅಂದರೆ ನೆಲ ಎದ್ದದ್ದಷ್ಟೇ ಅಲ್ಲ, ಗುಡ್ಡದ ಕಡೆಗೆ ವಾಲಿಕೊಂಡೇ ಎದ್ದಿತ್ತು. ಎಲ್ಲಕ್ಕಿಂತ ಹೆಚ್ಚು ವಾಲಿದ್ದದ್ದು ನಮ್ಮ ಬೀದಿಯ ಕೆಳಗಿನ ಬಂಡೆ. ಮನೆಗೆ ಬಂದು, ಇಳಿಜಾರು ಅಳೆಯುವ ಉಪಕರಣವನ್ನು ಅಭ್ಯಾಸಬಲದಿಂದ ಪಡಸಾಲೆಯ ನೆಲದ ಮೇಲಿಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ಮುಳ್ಳು ಆ ಬಂಡೆಯ ಮೇಲೆ ತೋರಿಸಿದ್ದ ಅಂಕದಲ್ಲೇ ನಿಂತಿತ್ತು.

ಮಾವನ ಹಳೆಯ ಪೆಟ್ಟಿಗೆಯಿಂದ ಮೂಲೆಮಟ್ಟ ತೆಗೆದೆ. ಗೋಡೆಗೂ ನೆಲಕ್ಕೂ ಮೂಲೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಕಬ್ಬಿಣದ ಪಟ್ಟಿ ಅದು. ಕೋಣೆ ಕೋಣೆಗೂ ಹೋಗಿ ಮೂಲೆಗಳಿಗೆ ಹಿಡಿದೆ. ಒಂದು ಮೂಲೆಯಲ್ಲೂ ಕಾಗದ ತೂರುವಷ್ಟು ಸಂದಿಲ್ಲ. ಮೇಸ್ತ್ರಿ ವಾರೆ ಕಟ್ಟಿದ್ದರೆ ಗೋಡೆ ಒಂದು ಕಡೆ ನೆಲ ಒಂದು ಕಡೆ ಇರಬೇಕಿತ್ತು. ಇಲ್ಲಿ ಗೋಡೆ, ನೆಲ, ಬಾಗಿಲುವಾಡ ಎಲ್ಲವೂ ಒಟ್ಟಿಗೆ, ಒಂದೇ ಅಳತೆಯಲ್ಲಿ ವಾಲಿದ್ದವು. ಬಚ್ಚಲಿನ ನೀರು ಬಾಗಿಲ ಕಡೆಗೆ ಹರಿದು ಬರುವುದೂ ಅದಕ್ಕೇ. ಯಾವ ಮೇಸ್ತ್ರಿ ತಾನೇ ಹಾಗೆ ಇಳಿಜಾರು ಕೊಡುತ್ತಾನೆ? ಮಾವ ಕೆತ್ತಿದ್ದ ಕಡೆ ಹೋಗಿ ನೋಡಿದೆ. ಗಾರೆಯ ಒಳಗಿನ ಕಲ್ಲುಗಳು ಒಂದನ್ನೊಂದು ಕಚ್ಚಿ ಕೂತಿದ್ದವು. ಬೇರೆ ಮನೆಗಳು ಸಡಿಲವಾಗಿದ್ದದ್ದರಿಂದ ಒಡೆದವು, ಒಡೆದದ್ದರಿಂದ ಹೊಸದಾಗಿ ನೆಟ್ಟಗೆ ಎದ್ದವು. ಈ ಮನೆ ಪೆಟ್ಟಿಗೆಯಷ್ಟು ಗಟ್ಟಿ, ಅದಕ್ಕೇ ಇಡಿಯಾಗಿ ವಾಲಿತ್ತು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಟ್ಟಿದವರಿಗೇ ಈ ಹೆಸರು ಅಂಟಿತ್ತು.

ತಕ್ಷಣ ಕೂಗಿ ಹೇಳಬೇಕಿತ್ತು. ತಡೆದುಕೊಂಡೆ. ಗೋಡೆ ನೆಟ್ಟಗಿತ್ತು ಅಂದರೆ ನೆಲ ನೆಟ್ಟಗಿಲ್ಲ ಎಂದೂ ಹೇಳಬೇಕಾಗುತ್ತದೆ. ಮಡಿಕೆ ತೀರಾ ಬಾಗುವ ಗೆರೆ ನಮ್ಮ ಬೀದಿಯ ಅಡಿಯಲ್ಲೇ ಹೋಗುತ್ತದೆ, ನೆಲ ಇನ್ನೊಮ್ಮೆ ಎದ್ದರೆ ಈ ಮನೆ ತಾಳಲಿಕ್ಕಿಲ್ಲ, ಇಲ್ಲಿಂದ ಹೊರಡಿ ಎಂದು ಎರಡನೇ ಮಾತಿಗೇ ಹೇಳಬೇಕಾಗುತ್ತದೆ. ಮಾವನ ಹೆಸರು ವಾಪಸ್ ಕೊಟ್ಟು ಅತ್ತೆಯ ಮನೆ ಕಿತ್ತುಕೊಂಡಂತೆ. ಎರಡು ದಿನ ನಾಳೆ ಹೇಳೋಣ ಎಂದು ಮುಂದೂಡಿದೆ. ಮೂರನೇ ದಿನ ಮಾವ ಗೋಡೆಯಿಂದ ಮೊದಲ ಕಲ್ಲು ಕೀಳಲು ಹಾರೆ ತಂದರು. ಅವರು ಅದನ್ನು ಕಿತ್ತರೆ ತಮ್ಮ ಪರವಾಗಿದ್ದ ಒಂದೇ ಸಾಕ್ಷಿಯನ್ನು ತಾವೇ ಕಿತ್ತಂತೆ. ನಾನು ಹಾರೆ ಕಸಿದುಕೊಂಡು ಇಬ್ಬರನ್ನೂ ಊಟದ ಮೇಜಿಗೆ ಕೂರಿಸಿದೆ.

ಹೊದಿಕೆಯೊಂದನ್ನು ಮೇಜಿನ ಮೇಲೆ ಹರಡಿ, ಒಂದು ಕಡೆಯಿಂದ ತಳ್ಳಿ, ಅದು ಮಡಿಕೆ ಬಿದ್ದು ಏಳುವುದನ್ನು ತೋರಿಸಿದೆ. ಮಡಿಕೆಯ ಇಳಿಜಾರಿನಲ್ಲಿ ಬೆಂಕಿಪೊಟ್ಟಣ ಇಟ್ಟೆ, ಅದು ವಾಲಿತು. ಪೊಟ್ಟಣ ಸೊಟ್ಟಗಿಲ್ಲ, ನೋಡಿ ಎಂದೆ. ಅಪಾಯದ ಮಾತನ್ನೂ ನುಂಗದೆ ಹೇಳಿದೆ.

ಮಾವ ಎದ್ದು ಮೂಲೆಮಟ್ಟ ತೆಗೆದುಕೊಂಡು ಮಲಗುವ ಕೋಣೆಗೆ ಹೋದರು. ಮಟ್ಟ ಗೋಡೆಗೆ ತಾಗುವ ಸದ್ದು ಒಂದೊಂದು ಮೂಲೆಯಿಂದಲೂ ಕೇಳಿಸಿತು. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನೆಟ್ಟಗೇ ಕಟ್ಟಿದ್ದೆ ಕಣೇ," ಎಂದರು ಅತ್ತೆಗೆ.

ಅತ್ತೆ ಹೊದಿಕೆಯನ್ನು ಮಡಚುತ್ತಿದ್ದರು. ಮನೆ ಹೋಗುತ್ತದೆ ಎಂದು ಅಳುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಮುಖ ಊದಿಸಿಕೊಂಡು ಕೇಳಿದ್ದೇ ಬೇರೆ.

"ಹಾಗಾದ್ರೆ ನನ್ನ ನೋಡ್ಕೊಂಡು ಕಟ್ಟಿದ್ದು ಅನ್ನೋದೆಲ್ಲ ಸುಳ್ಳಾ?"

"ನೋಡ್ಕೊಂಡೇ ಕಟ್ಟಿದ್ದು. ಆದ್ರೂ ನೆಟ್ಟಗೆ ಬಂತು."

ಅತ್ತೆ ಹೊದಿಕೆಯನ್ನು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಆಮೇಲೆ ಅಡುಗೆಮನೆಗೆ ಹೋಗಿ, ಗೋಡೆಬೀರುವಿನ ದಾರದಿಂದ ತೂಗುಗುಂಡನ್ನು ಬಿಚ್ಚಿ, ಸೆರಗಿನಿಂದ ಒರೆಸಿ ತಂದು ಮಾವನ ಮುಂದಿಟ್ಟರು. ಬೀರುವಿನ ಬಾಗಿಲು ಅವರ ಹಿಂದೆಯೇ ತೆರೆದುಕೊಂಡಿತು. ಇನ್ನೊಂದು ಮನೆ ಕಟ್ಟಿ ಎಂದಷ್ಟೇ ಹೇಳಿದರು.

ಸುದ್ದಿ ಹರಡಿದ ಮೇಲೆ ಊರಿನ ಮೇಸ್ತ್ರಿಗಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಮೂಲೆಮಟ್ಟ ಹಿಡಿದು ಮನೆ ನೋಡಲು ಬಂದರು. ಮೊದಲು ವಾರೆ ಮೇಸ್ತ್ರಿ ಎಂದು ಕರೆದಿದ್ದ ಮುದುಕನೂ ಬಂದ. ಮೂಲೆಗಳನ್ನೆಲ್ಲ ನೋಡಿ, ಚಹಾ ಬೇಡವೆಂದು ಹೊರಟವನು, ಬಾಗಿಲಿನಲ್ಲಿ ನಿಂತು, ನಿಮ್ಮ ಹೊಸ ಮನೆಗೆ ಕಲ್ಲು ಹೊರುವುದಕ್ಕಾದರೂ ನನ್ನನ್ನು ಕರೀರಿ ಎಂದ. ನನಗೆ ಅವನ ಮೇಲೆ ರೇಗುವ ಆಸೆ ಬೇಕಾದಷ್ಟಿತ್ತು, ಅವನ ಮುಖ ನೋಡಿ ಸುಮ್ಮನಾದೆ.

ಗುಡ್ಡದ ಮೇಲಿನ ಮೆಟ್ಟಿಲಿನಲ್ಲಿ, ಮಡಿಕೆಯ ಗೆರೆಯಿಂದ ದೂರ, ಗಟ್ಟಿ ಬಂಡೆಯ ಮೇಲೆ ಹೊಸ ಮನೆ ಎದ್ದಿತು. ಕಲ್ಲು ಎತ್ತಿದವರು ಬೇರೆ. ಗುಂಡು ಇಳಿಬಿಟ್ಟವರು ಮಾವನೇ. ಕೈ ನಡುಗಿದರೂ ಗುಂಡು ಸ್ವಲ್ಪ ಹೊತ್ತು ತೂಗಿ ತಾನಾಗಿ ನಿಲ್ಲುತ್ತಿತ್ತು, ಅವರು ಕಾಯುತ್ತಿದ್ದರು. ಸಾಮಾನು ಸಾಗಿಸಿದ ದಿನ ಅತ್ತೆ ಪಡಸಾಲೆಯ ನಡುವೆ ಒಂದು ನಿಂಬೆಹಣ್ಣು ಇಟ್ಟರು. ಅದು ಮಿಸುಕಾಡಲಿಲ್ಲ. ಇನ್ನು ಕೈಯಿಂದ ಬಿದ್ದದ್ದನ್ನೆಲ್ಲ ಎಲ್ಲೆಲ್ಲಿ ಹುಡುಕುವುದು ಎಂದು ಗೊಣಗಿದರು. ಮೇಜು, ಒಲೆ, ಕಪಾಟು ಎಲ್ಲವೂ ಚಕ್ಕೆಯಿಲ್ಲದೆ ನಿಂತವು.

ವಾರ ಕಳೆದು ನಾನು ಅವರ ಕೋಣೆ ಗುಡಿಸುತ್ತಿದ್ದೆ. ಮಂಚದ ಕೆಳಗೆ ಪೊರಕೆಗೆ ಏನೋ ತಗಲಿತು. ಬಗ್ಗಿ ನೋಡಿದೆ. ಅತ್ತೆ ಮಲಗುವ ಮಗ್ಗುಲಿನ ಎರಡೂ ಕಾಲುಗಳ ಕೆಳಗೆ ಮರದ ಚಕ್ಕೆಗಳಿದ್ದವು, ಹಳೆಯ ಊಟದ ಮೇಜಿನವು. ಹಳೆ ಮನೆಯಲ್ಲೂ ಅತ್ತೆ ಮಲಗುತ್ತಿದ್ದದ್ದು ಸಮುದ್ರದ ಮಗ್ಗುಲಿಗೆ, ಎತ್ತರದ ಕಡೆಗೆ. ಮಾವ ಗುಡ್ಡದ ಮಗ್ಗುಲಿಗೆ, ತಗ್ಗಿನ ಕಡೆಗೆ. ಮನೆಯಲ್ಲಿ ಜಾರಿದ್ದೆಲ್ಲ ಗುಡ್ಡದ ಕಡೆಗೇ ಹೋಗುತ್ತಿತ್ತು. ಇಷ್ಟು ಸಣ್ಣ ಲೆಕ್ಕ, ನೆಲದ ಇಳಿಜಾರು ಅಳೆಯುವುದೇ ಕೆಲಸವಾದ ನನಗೆ ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು.

ತಲೆ ಎತ್ತಿದರೆ ಮಾವ ಬಾಗಿಲಿನಲ್ಲಿ ನಿಂತಿದ್ದರು. ನೆಲದಲ್ಲಿ ಒಂದು ಎಳೆ ವ್ಯತ್ಯಾಸವಿದ್ದರೂ ಅವರ ಅಂಗಾಲಿಗೇ ಗೊತ್ತಾಗುತ್ತದೆ. ಇಂಥವರು ಏಳು ರಾತ್ರಿ ಆ ಮಂಚದ ಮೇಲೆ ಮಲಗಿದ್ದಾರೆ.

"ತೆಗೀಲಾ ಮಾವ?" ಎಂದೆ, ಬೇಕೆಂದೇ.

"ಬೇಡಮ್ಮ," ಎಂದರು ದನಿ ತಗ್ಗಿಸಿ. "ಅದು ಅವಳು ಕಟ್ಟಿದ್ದು. ಇನ್ನೊಬ್ಬರ ಕೆಲಸಕ್ಕೆ ನಾನು ಕೈಹಾಕಲ್ಲ."

ಒಳಗಿನಿಂದ ಅತ್ತೆ, ಮಾವ ಸೊಸೆ ಸೇರಿ ಅದೇನು ಪಿಸುಗುಟ್ಟುತ್ತಿದ್ದೀರಿ, ಚಹಾ ಆರುತ್ತಿದೆ ಎಂದು ಕೂಗಿದರು. ನಾನು ಚಕ್ಕೆಗಳು ಅಲುಗದಂತೆ ಸುತ್ತ ಪೊರಕೆ ಆಡಿಸಿ ಗುಡಿಸಿ ಮುಗಿಸಿದೆ.