ಒಂದು ಸ್ಕ್ರೂ ಸಡಿಲಿಸಿದ್ದಕ್ಕೆ

ಆ ಅಂಗಡಿ ಕಟ್ಟಡದ ನೆಲಮಾಳಿಗೆಯ ಓಣಿಯಲ್ಲಿ, ಗೋಡೆಯ ಮೇಲೊಂದು ಜಾಹೀರಾತು ಪರದೆ. ಅದರ ಎಡಕ್ಕೆ, ಮೆಟ್ಟಿಲ ಕೆಳಗೆ, ಅಕ್ಕನ ಹೊಲಿಗೆ ಮೇಜು. ಪರದೆಯ ಮುಂದೆ ಜನ ನಡೆದುಹೋಗುತ್ತಿದ್ದರು. ಅಕ್ಕನ ಮುಂದೆ ನಿಲ್ಲುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಜಿಪ್ ಹಾಕಿಸಲು, "ಈಗ್ಲೇ ಕೊಟ್ಬಿಡಿ" ಎಂದು ಗೋಗರೆದು, ಫೋನ್ ನೋಡುತ್ತ ಹತ್ತು ನಿಮಿಷ ಕಾಯುತ್ತಿದ್ದರು.

ಆ ಬೆಳಿಗ್ಗೆ ಅವಳ ತಮ್ಮ ಏಣಿ ಹೊತ್ತು ಬಂದದ್ದು ಪರದೆಯ ಕೆಲಸಕ್ಕೆ. ಪರದೆಯ ಹಿಂದೆ, ಜಾಹೀರಾತು ಓಡಿಸುವ ಪ್ಲೇಯರ್ ಡಬ್ಬಿಗೆ ಒಂದು ಕಡ್ಡಿ ಆಂಟೆನಾ ಇತ್ತು. ಜನರ ಫೋನುಗಳು ವೈಫೈ ಹುಡುಕುತ್ತ ಬಿಡುವ ಸಿಗ್ನಲ್ ಹಿಡಿದು, ಎಷ್ಟು ಜನ ಬಂದರು, ಎಷ್ಟು ಹೊತ್ತು ನಿಂತರು ಎಂದು ಎಣಿಸುವುದು ಅದರ ಕೆಲಸ. ಆದರೆ ಕಡ್ಡಿಗೆ ಹಿಂದು ಮುಂದು ಗೊತ್ತಿಲ್ಲ. ಮೇಲಂತಸ್ತಿನ ಗಿರಾಕಿಗಳನ್ನೂ ಗೋಡೆಯಾಚೆ ಕಾರಿನಲ್ಲಿ ಕೂತವರನ್ನೂ ಒಟ್ಟಿಗೆ ಎಣಿಸಿಬಿಡುತ್ತಿತ್ತು. ಜಾಹೀರಾತಿನವರು ತಕರಾರು ತೆಗೆದರು. ಅದಕ್ಕೇ ಈಗ ಅಂಗೈಯಗಲದ ಚಪ್ಪಟೆ ಆಂಟೆನಾ. ಅದು ಮುಖ ಮಾಡಿದ ದಿಕ್ಕಿನವರನ್ನಷ್ಟೇ ಎಣಿಸುತ್ತದೆ.

"ಬಂದ ನೋಡು ಮೂಗಬಸವ," ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. "ಇವತ್ತು ನಮ್ಮ ತಲೆ ಎಣಿಸೋದಾ, ತೆಗೆಯೋದಾ?"

ಅವನು ನಕ್ಕು ಏಣಿಯನ್ನು ಗೋಡೆಗೆ ಒರಗಿಸಿದ.

"ಈ ತಿಂಗಳು ಜನ ಕಮ್ಮಿ ಕಂಡ್ರೆ ಓಣಿಗೇ ಬಾಗಿಲು ಹಾಕಿ ಗೋಡೌನ್ ಮಾಡ್ತಾನಂತೆ ಮ್ಯಾನೇಜರ್. ನನ್ನನ್ನೂ ಬಟ್ಟೆ ಗಂಟಿನ ಜೊತೆ ಎತ್ತಿ ಆಚೆಗಿಡ್ತಾನೆ."

"ಗೊತ್ತು."

"ಗೊತ್ತಿದ್ರೆ ಆ ತಟ್ಟೇನ ಸ್ವಲ್ಪ ಈ ಕಡೆ ತಿರುಗಿಸೋ. ನನ್ನ ಮುಂದೆ ನಿಲ್ಲೋರೂ ಮನುಷ್ಯರೇ ತಾನೆ?"

"ಹಾಗೆಲ್ಲ ಆಗಲ್ಲಕ್ಕ. ಪರದೆ ಮುಂದಿನವರನ್ನ ಮಾತ್ರ ಎಣಿಸ್ಬೇಕು. ಕೆಲಸ ಅಂದ್ರೆ ಕೆಲಸ."

ಹೊಲಿಗೆ ಯಂತ್ರ ನಿಂತಿತು. "ನಿನ್ನ ಮೊದಲ ಇಂಟರ್‌ವ್ಯೂಗೆ ಅಪ್ಪನ ಪ್ಯಾಂಟಿನ ಹೊಲಿಗೆ ಬಿಚ್ಚಿ ನಿನ್ನ ಸೊಂಟಕ್ಕೆ ಕೂರಿಸಿದೋಳು ನಾನು. ಅವತ್ತು ನಾನೂ ಹೀಗೇ ಅಂದಿದ್ರೆ ಚಡ್ಡೀಲೇ ಹೋಗಿರ್ತಿದ್ದೆ."

ಇಷ್ಟು ಹೇಳಿ ಮತ್ತೆ ಯಂತ್ರ ಓಡಿಸಿದಳು. ಆಮೇಲೆ ಅವನ ಕಡೆ ನೋಡಲಿಲ್ಲ.

ಅವನು ಆಂಟೆನಾ ಕೂರಿಸಿದ, ಕೇಬಲ್ ಬಿಗಿದ. ಫೋನ್ ಹಿಡಿದು ಪರದೆಯ ಮುಂದೆ ಅತ್ತಿತ್ತ ಓಡಾಡಿ, ಸಿಗ್ನಲ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬರೆದುಕೊಂಡ. ಆಫೀಸಿಗೆ ಫೋಟೊ ಕಳಿಸಿದ. ಮೊದಲ ಅರ್ಧ ಗಂಟೆಗೆ ಲ್ಯಾಪ್‌ಟಾಪು ಎಣಿಸಿದ್ದು ಒಂಬತ್ತು ಜನ. ಕಡ್ಡಿ ಇದ್ದಾಗ ಇಷ್ಟು ಹೊತ್ತಿಗೆ ಇನ್ನೂರು ದಾಟುತ್ತಿತ್ತು.

ಅಕ್ಕ ಗುಂಡಿ ತರಲೆಂದು ಮೇಲೆ ಹೋದಳು. ಅವನು ಮತ್ತೆ ಏಣಿ ಹತ್ತಿದ. ಒಂದೇ ಒಂದು ಸ್ಕ್ರೂ ಸಡಿಲಿಸಿ, ಆಂಟೆನಾದ ಮುಖವನ್ನು ಎಡಕ್ಕೆ, ಅವಳ ಮೇಜಿನ ಕಡೆಗೆ ತಿರುಗಿಸಿ ಬಿಗಿದ. ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ ಮೇಲೆ ಯಾರಿಗೂ ಕಾಣುವಂತಿರಲಿಲ್ಲ. ಅವಳು ಬಂದಾಗ ಏಣಿ ಮಡಚುತ್ತಿದ್ದ.

ಹೇಳಬಹುದಿತ್ತು. ಆದರೆ ಅವಳ ಕಣ್ಣಲ್ಲಿ ತಾನೊಬ್ಬ ನೆಟ್ಟಗಿನ ಮನುಷ್ಯ. ಕೋಪ ಬಂದರೂ ಒಳಗೊಳಗೇ ಅವಳಿಗೆ ಆ ಬಗ್ಗೆ ಹೆಮ್ಮೆ ಇದೆಯೆಂದು ಅವನ ನಂಬಿಕೆ. ಅವಳ ಮೇಜೂ ಉಳಿಯಲಿ, ತನ್ನ ಹೆಸರೂ ಉಳಿಯಲಿ. ಸುಮ್ಮನಿದ್ದರೆ ಎರಡೂ ಉಳಿಯುತ್ತವೆ ಎಂದುಕೊಂಡ.

ತಿಂಗಳು ಮುಗಿದ ಮೇಲೆ ಮ್ಯಾನೇಜರ್ ಅವನನ್ನು ಕರೆಸಿದ.

"ನೋಡಯ್ಯ, ಆ ಓಣೀಲಿ ಜನ ನಿಲ್ತಾರೆ! ಒಬ್ಬೊಬ್ಬರೂ ಹನ್ನೊಂದು ನಿಮಿಷ! ಇಡೀ ಕಟ್ಟಡದಲ್ಲಿ ಎಲ್ಲೂ ಹೀಗಿಲ್ಲ. ಇನ್ನು ಮುಚ್ಚೋ ಮಾತೇ ಇಲ್ಲ."

ಅವನ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು.

"ಜಾಹೀರಾತಿನವರಿಗೆ ಅಲ್ಲೇ ಇನ್ನೊಂದು ದೊಡ್ಡ ಪರದೆ ಬೇಕಂತೆ. ಇರೋ ಜಾಗ ಆ ಮೆಟ್ಟಿಲ ಕೆಳಗಿನದೊಂದೇ. ಹೊಲಿಗೆಯವಳಿಗೆ ಖಾಲಿ ಮಾಡೋಕೆ ಹೇಳಿದ್ದೀನಿ. ಸೋಮವಾರ ನೀನು ಕೂರಿಸಿಬಿಡು."

"ಸಾರ್, ಜನ ಅಲ್ಲಿ ನಿಲ್ಲೋದು..."

"ಏನು?"

ಅವಳಿಗಾಗಿ ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಆಮೇಲೆ ಮುಚ್ಚಳ ತೆಗೆಸುತ್ತಾನೆ.

"ಏನಿಲ್ಲ ಸಾರ್."

ಸೋಮವಾರ ಅವನು ಹೋದಾಗ ಅಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ಯಂತ್ರ ಆಗಲೇ ಟ್ರಾಲಿಯ ಮೇಲಿತ್ತು.

"ಯಾಕೆ ಅಂತ ಮ್ಯಾನೇಜರ್ ಹೇಳ್ಲಿಲ್ಲ. ನಂಗೇನು ಅರ್ಥ ಆಗಲ್ವಾ? ನನ್ನ ಮುಂದೆ ನಿಂತವರನ್ನ ಎಣಿಸಿದ್ರೆ ಈ ಮೇಜಿಗೂ ಒಂದು ಬೆಲೆ ಇರ್ತಿತ್ತು ಕಣೋ. ಒಂದೇ ಒಂದು ಚೂರು ತಿರುಗಿಸಿದ್ರೆ ಸಾಕಿತ್ತು."

ಮಾತು ಅವನ ನಾಲಿಗೆಯ ತುದಿಗೆ ಬಂತು. ತಿರುಗಿಸಿದ್ದೆ ಅಕ್ಕ, ಅದಕ್ಕೇ ಹೋಯಿತು. ಇದನ್ನು ಯಾವ ಬಾಯಿಂದ ಹೇಳುವುದು?

"ಬಿಡು," ಎಂದಳು ಅವಳೇ. "ನಿನ್ನ ಕೆಲಸ ನೀನು ನೆಟ್ಟಗೆ ಮಾಡಿದೆ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳು ಕತ್ತರಿ, ದಾರದ ಉಂಡೆಗಳನ್ನು ಗಂಟು ಕಟ್ಟಿ ಮುಗಿಸುವಷ್ಟರಲ್ಲಿ ಹೊಸ ಪರದೆ ಗೋಡೆಗೇರಿತ್ತು. ಅದರ ಆಂಟೆನಾವನ್ನು ಈ ಸಲ ನೇರ ಮುಂದಕ್ಕೇ ಬಿಗಿದ. ಈಗ ಮುಂದೆ ಇರುವವರು ಎರಡು ಎಂದು ಲ್ಯಾಪ್‌ಟಾಪು ತೋರಿಸಿತು: ಒಂದು ಅವನ ಫೋನು, ಇನ್ನೊಂದು ಅವಳದು. ಅಕ್ಕ ಟ್ರಾಲಿ ತಳ್ಳಿಕೊಂಡು ಹೊರಟಳು. ಚಕ್ರದ ಕಿರುಗುಟ್ಟುವಿಕೆ ಲಿಫ್ಟಿನವರೆಗೂ ಕೇಳಿ, ನಿಂತಿತು.

ಲೆಕ್ಕ ಮಾತ್ರ ಎರಡೇ ಇತ್ತು. ಹೋದವರನ್ನು ತೆಗೆದುಹಾಕುವ ಮೊದಲು ಅದು ಐದು ನಿಮಿಷ ಕಾಯುತ್ತದೆ. ಓಡಿಹೋಗಿ ಹೇಳಲು ಐದು ನಿಮಿಷ ಸಾಕಿತ್ತು. ಅವನು ನಿಂತಲ್ಲೇ ಲ್ಯಾಪ್‌ಟಾಪು ನೋಡುತ್ತಿದ್ದ. ಎರಡು ಹೋಗಿ ಒಂದಾಯಿತು. ಮುಚ್ಚಳ ಹಾಕಿ ಫೋಟೊ ತೆಗೆದ.