ರೊಟ್ಟಿ ಗಂಟನ್ನು ಯಾರೂ ಕದಿಯುವುದಿಲ್ಲ

ಆಗೆಲ್ಲ ಸಿಂಧನೂರಿನಿಂದ ಹೈದರಾಬಾದಿಗೆ ಹೊರಟವರು ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ನನ್ನ ಬಟ್ಟೆ ಅಂಗಡಿಗೆ ಬಂದು ಹೋಗುತ್ತಿದ್ದರು. ಕಣ್ಣು ತೋರಿಸುವವರು, ಮೋಟಾರಿನ ಸಾಮಾನು ತರುವವರು, ಬರೀ ಚಾರ್‌ಮಿನಾರ್ ನೋಡಿ ಬರೋಣ ಎನ್ನುವ ಹೊಸ ಗಂಡ ಹೆಂಡತಿ, ಎಲ್ಲರಿಗೂ ಅಮರಗುಂಡಪ್ಪನ ಉಪದೇಶ ಬೇಕಿತ್ತು. ಅಮರಗುಂಡಪ್ಪ ಎಂದರೆ ನಾನೇ. ತಿಂಗಳಿಗೊಮ್ಮೆ ಮಾಲು ತರಲು ಹೋಗಿಬರುತ್ತಿದ್ದ ನನಗೆ ಆ ಊರು ಅಂಗೈ ಗೆರೆಯಷ್ಟು ಗೊತ್ತು ಎಂಬ ಸೊಕ್ಕು ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಗೌಳಿಗುಡದಲ್ಲಿ ಬಸ್ ಇಳಿದ ಕೂಡಲೇ ಆಟೋ ಹತ್ತಬೇಡಿ, ಗೇಟು ದಾಟಿ ನೂರು ಹೆಜ್ಜೆ ನಡೆದರೆ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಿದ್ದೆ. ಲಾಡ್ಜು ಬೇಡ, ಬೇಗಂ ಬಜಾರಿನ ಹಿಂದೆ ಧರ್ಮಶಾಲೆ ಇದೆ. ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯಿರಿ, ಆದರೆ ಕೇಳದೆ ತಂದಿಟ್ಟ ತಟ್ಟೆಯಿಂದ ಬಿಸ್ಕೀಟು ಎತ್ತಿದಿರೋ, ಬಿಲ್ಲಿಗೆ ಸೇರಿತು. ಮೇಲ್ಜೇಬಿನಲ್ಲಿ ಎರಡು ರೂಪಾಯಿ ಇರಲಿ, ಕಳ್ಳನಿಗೂ ಬೋಣಿಗೆ ಆಗಬೇಕಲ್ಲ. ಉಳಿದದ್ದು ಬನಿಯನ್ನಿನ ಕಳ್ಳಜೇಬಿಗೆ. ಅದೂ ಸಾಲದೆಂದರೆ ರೊಟ್ಟಿ ಗಂಟಿಗೆ. ರೊಟ್ಟಿ ಗಂಟನ್ನು ಯಾರೂ ಕದಿಯುವುದಿಲ್ಲ. ಇಷ್ಟು ಹೇಳಿ, ಎದ್ದು ಹೊರಟವರನ್ನು ಮತ್ತೆ ಕೂರಿಸಿ ಕೊನೆಯ ಮಾತು ಹೇಳುತ್ತಿದ್ದೆ: "ಅಲ್ಲಿ ಕನ್ನಡದಾಗ ಮಾತಾಡಿಸಿದವರನ್ನ ಮಾತ್ರ ನಂಬಬ್ಯಾಡ್ರಿ. ನಮ್ಮ ಮಾತು ಆಡಾವ್ನೇ ಮೊದಲನೇ ಕಳ್ಳ."

ಎಂಬತ್ತೆಂಟರ ಬೇಸಿಗೆಯಲ್ಲಿ ಮಸ್ಕಿಯಿಂದ ನಮ್ಮ ಸೋದರತ್ತೆ ಶೇಖರಮ್ಮ ಬಂದಳು. ಎರಡೂ ಕಣ್ಣಿಗೆ ಪೊರೆ. ಗಂಡ ಹೋಗಿ ಹತ್ತು ವರ್ಷ, ಮಕ್ಕಳಿಲ್ಲ. ಚಿಕ್ಕಂದಿನಲ್ಲಿ ತಾಯಿ ಸತ್ತ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಹೈದರಾಬಾದಿನ ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೊರಟೆ.

ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಾನು ಕಂಡಂದಿನಿಂದ ಅದು ಆ ಎದೆಯ ಮೇಲೆಯೇ ಇತ್ತು. ಬೆಳಗ್ಗೆ ಮಿಂದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳುವ ತನಕ ಅವಳು ನೀರೂ ಮುಟ್ಟುತ್ತಿರಲಿಲ್ಲ. ಬಸ್ ಹತ್ತುವ ಮೊದಲು ನಾನು ನನ್ನ ಪುರಾಣ ತೆಗೆದೆ.

"ಅತ್ತಿ, ಅದನ್ನ ತಗದು ಕೊಡು. ಬೆಳ್ಳಿ ಕಂಡ್ರ ಆ ಊರಾಗ ಕೊಳ್ಳಿಗೇ ಕೈ ಹಾಕ್ತಾರ."

"ಅರಿವ್ಯಾಗ ಕಟ್ಟಿ ಹಾಕ್ಕೊಂತೀನೇಳಪಾ."

"ಉಬ್ಬು ಕಂಡ್ರ ಸಾಕು, ಬ್ಲೇಡ್ ಎಳೀತಾರ. ನನ್ನ ಕಳ್ಳಜೇಬಿನಾಗ ಇರಲಿ. ನಾನೇನು ಬ್ಯಾರೆನೇನು?"

ಅವಳಿಗೆ ಮನಸ್ಸಿರಲಿಲ್ಲ. ಆದರೂ ನನ್ನ ಮಾತಿಗೆ ಎಂದೂ ಇಲ್ಲ ಎಂದವಳಲ್ಲ. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. "ಮೈಮ್ಯಾಲಿಂದ ಇಳಿಸಬ್ಯಾಡ, ನನ್ನ ಜೀವ ಐತಿ ಅದು" ಎಂದಳು. ಅದು ಬರೀ ಮಾತಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಅಜ್ಜಿಯ ಲಿಂಗ ಬಾವಿಗೆ ಬಿದ್ದಿತ್ತಂತೆ. ನೀರು ಎತ್ತಿಸಿದರೂ ಸಿಗಲಿಲ್ಲ. ಸ್ವಾಮಿಗಳು ಬಂದು ಬೇರೆ ಕಟ್ಟುತ್ತೇವೆಂದರೂ ಕೇಳದೆ, ಹನಿ ನೀರು ಮುಟ್ಟದೆ ಕೂತ ಮುದುಕಿ ನಾಲ್ಕನೆಯ ದಿನ ತೀರಿಕೊಂಡಳು. ಅತ್ತೆ ಈ ಕತೆಯನ್ನು ಬಲು ಅಭಿಮಾನದಿಂದ ಹೇಳುತ್ತಿದ್ದಳು.

ಬೆಳಕು ಹರಿಯುವ ಹೊತ್ತಿಗೆ ಬಸ್ಸು ಗೌಳಿಗುಡ ಮುಟ್ಟಿತು. ಇಳಿಯುವ ನೂಕಾಟದಲ್ಲಿ ಒಬ್ಬ ನನ್ನ ಎದೆಗೆ ಅಂಟಿಕೊಂಡಂತೆ ನಿಂತ. ಹಿಂದಿನ ವರ್ಷ ಇದೇ ಜಾಗದಲ್ಲಿ ಒಬ್ಬ ವ್ಯಾಪಾರಿಯ ಬನಿಯನ್ನನ್ನೇ ಕೊಯ್ದಿದ್ದರು. ಅತ್ತೆ ಇನ್ನೂ ಸೀಟಿನಲ್ಲಿ ತೂಕಡಿಸುತ್ತಿದ್ದಳು, ತೊಡೆಯ ಮೇಲೆ ಬುತ್ತಿ ಗಂಟು. ನಾನು ಹಿಂದೆ ಸರಿದು, ಕರಡಿಗೆಯನ್ನು ಯಾರಿಗೂ ಕಾಣದಂತೆ ರೊಟ್ಟಿಗಳ ನಡುವೆ ತುರುಕಿ ಗಂಟು ಬಿಗಿದೆ. ಈಗ ಅದು ಅವಳ ಮೈಮೇಲೆಯೇ ಇದ್ದಂತಾಯಿತು, ನನ್ನಂಥ ಶಾಣ್ಯಾ ಯಾರಿದ್ದಾರೆ ಎಂದುಕೊಂಡೆ. ಧರ್ಮಶಾಲೆ ಮುಟ್ಟಿದ ಮೇಲೆ ಹೇಳಿದರಾಯಿತೆಂದು ಅವಳಿಗೆ ಹೇಳಲಿಲ್ಲ.

ಅವಳನ್ನು ಒಂದು ಕಂಬದ ಹತ್ತಿರ ಕೂರಿಸಿ, ನೂರು ಹೆಜ್ಜೆ ಆಚೆ ಹೋಗಿ ಆಟೋದವರೊಂದಿಗೆ ಎರಡು ರೂಪಾಯಿಗೆ ಕಿತ್ತಾಡಿದೆ. ಗೆದ್ದೆ. ಅವಳನ್ನು ಹತ್ತಿಸಿಕೊಂಡು, ಚೀಲಗಳನ್ನು ಕಾಲ ಕೆಳಗೆ ನೂಕಿ ಧರ್ಮಶಾಲೆಗೆ ಬಂದೆ. ಅತ್ತೆ ಮಿಂದು, ಒದ್ದೆ ಕೂದಲಿಗೆ ಸೆರಗು ಹೊದ್ದು ಚಾಪೆಯ ಮೇಲೆ ಕೂತು ಅಂಗೈ ಚಾಚಿದಳು.

"ಕೊಡಪಾ, ಪೂಜಿ ಮಾಡ್ಕೊಂತೀನಿ. ಗಂಟಲಾ ಒಣಗೈತಿ."

ನಾನು ಚೀಲ ತಡಕಿದೆ. ಇನ್ನೊಂದು ಚೀಲ ತಡಕಿದೆ. "ಅತ್ತಿ, ಬುತ್ತಿ ಎಲ್ಲೈತಿ?"

"ಅದಾ? ಕೊಟ್ಟು ಬಿಟ್ಟೆ. ಕಂಬದತ್ರ ಒಬ್ಬಾಕಿ ಕೂಸಿನ ಕರಕೊಂಡು ಕುಂತಿದ್ಲು. ನಮ್ಮ ಮಾತು ಕೇಳಿಸ್ತು. ಯಾವೂರವ್ವಾ ಅಂದೆ. ಪಾಮನಕಲ್ಲೂರಂತ, ಹೆಸರು ಆದಮ್ಮಂತ. ಕಟ್ಟಡದ ಕೆಲಸಕ್ಕ ಬಂದಾಳ. ಕೂಸು ಹಸಿದು ಅಳಾಕತ್ತಿತ್ತು. ದಾರಿಗೆ ಕಟ್ಟಿದ ಬುತ್ತಿ ದಾರ್ಯಾಗ ಮುಗೀಬೇಕು, ಹೊಸ್ತಿಲಾ ದಾಟಿಸಬಾರದು. ಗಂಟೇ ಕೊಟ್ಟೆ."

ಚೀಲವನ್ನು ಕೈಯಿಂದ ಕೆಳಗಿಟ್ಟೆ. ಅವಳಿಗೆ ನನ್ನ ಮುಖ ಸರಿಯಾಗಿ ಕಾಣುವುದಿಲ್ಲವಲ್ಲ, ಅದೊಂದು ನನ್ನನ್ನು ಉಳಿಸಿತು.

"ಏನಾತಪಾ?"

"ಏನಿಲ್ಲ. ಕರಡಗಿ ಇಲ್ಲಿ ಮೇನೇಜರನ ತಿಜೋರ್ಯಾಗ ಇಟ್ಟೀನಿ. ಅಂವ ಹೊರಗ ಹೋಗ್ಯಾನ. ಕರಕೊಂಡು ಬರ್ತೀನಿ" ಎಂದೆ. ನಾಲಿಗೆ ಎಷ್ಟು ಸರಾಗ ಹೊರಳಿತೋ! ಅಂಗಡಿಯಲ್ಲಿ ಕೂತು ಕಲಿತ ವಿದ್ಯೆ.

ಓಡಿದೆ. ಕಂಬದ ಹತ್ತಿರ ಬೇರೆ ಯಾರೋ ಮಲಗಿದ್ದರು. ಪಾಮನಕಲ್ಲೂರು! ನಗು ಬರುವ ಹಾಗಿತ್ತು. ಮುದುಕಿ ಮಸ್ಕಿ ಎಂದಿರುತ್ತಾಳೆ, ಕಳ್ಳಿ ತಟ್ಟನೆ ಮಗ್ಗುಲಿನ ಊರು ಹೇಳಿರುತ್ತಾಳೆ. ಇವರ ಪಟ್ಟು ನನಗೆ ಗೊತ್ತಿಲ್ಲವೇ? ಬೆಳ್ಳಿ ಸಿಕ್ಕವಳು ಎಲ್ಲಿಗೆ ಹೋಗುತ್ತಾಳೆ? ಮಾರುವುದಕ್ಕೆ. ಒಂದಾದ ಮೇಲೊಂದು ಬೆಳ್ಳಿ ಅಂಗಡಿ ಹತ್ತಿ ಇಳಿದೆ. ಕೂಸಿನ ಜೊತೆ ಒಬ್ಬ ಹೆಂಗಸು ಹಳೇ ಬೆಳ್ಳಿ ತಂದಿದ್ದಳಾ ಎಂದು ಹಿಂದಿಯಲ್ಲಿ, ಉರ್ದುವಿನಲ್ಲಿ, ಹರಕು ತೆಲುಗಿನಲ್ಲಿ ಕೇಳಿದೆ. ಒಬ್ಬ ತಲೆ ಅಲ್ಲಾಡಿಸಿದ. ಮತ್ತೊಬ್ಬ, ಇಷ್ಟು ಹೊತ್ತಿಗೆ ಕರಗಿಸಿರುತ್ತಾರೆ ಎಂದ. ಕರಗಿಸುವವರು ಒಳಗಿನ ಲಿಂಗವನ್ನು ಏನು ಮಾಡುತ್ತಾರೆ? ಗಟಾರಕ್ಕೆ ಎಸೆದಿರುತ್ತಾರೆ.

ಮೂಸಿ ನದಿಯ ಸೇತುವೆಯ ಕೆಳಗೆ ಇಳಿದು ಅಲ್ಲಿ ವಾಸವಿದ್ದವರ ಗಂಟುಗಳನ್ನೆಲ್ಲ ಕಣ್ಣಿನಿಂದಲೇ ಬಿಚ್ಚಿ ನೋಡಿದೆ. ಇಬ್ಬರು ಹೆಂಗಸರು ಬೈದು ಓಡಿಸಿದರು. ಮೇ ತಿಂಗಳ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾನು ಎರಡು ಸಲ ಸೋಡಾ ಕುಡಿದೆ. ಕುಡಿಯುವಾಗೆಲ್ಲ ಅತ್ತೆಯ ಒಣಗಿದ ಗಂಟಲು ನೆನಪಾಗಿ, ಆದರೂ ಬಾಟಲಿ ಕೆಳಗಿಡಲಾಗದೆ, ನನ್ನ ಮೇಲೇ ಹೇಸಿಗೆಯಾಯಿತು. ಅವಳು ನೀರು ಕುಡಿದು ಅಷ್ಟು ಹೊತ್ತಿಗೆ ಹತ್ತೊಂಬತ್ತು ತಾಸಾಗಿತ್ತು.

ನಾಲ್ಕು ಗಂಟೆಗೆ ಧರ್ಮಶಾಲೆಗೆ ಮರಳಿದೆ. ಅವಳು ಗೋಡೆಗೆ ಒರಗಿದ್ದಳು. ತುಟಿ ಬಿರಿದಿತ್ತು. ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ಇಟ್ಟ ನೀರಿನ ತಂಬಿಗೆ ಹಾಗೇ ತುಂಬಿ ಕೂತಿತ್ತು.

"ಸಿಕ್ಕನೇನಪಾ ಮೇನೇಜರ?" ದನಿ ಅವಳದೇ ಅನ್ನಿಸಲಿಲ್ಲ.

ಹೊಸ ಲಿಂಗವೊಂದನ್ನು ತಂದು ಅಂಗೈಗೆ ಇಟ್ಟುಬಿಡಲೇ, ಪೊರೆ ಬಂದ ಕಣ್ಣಿಗೆ ಏನು ತಿಳಿದೀತು ಎಂದೂ ಯೋಚಿಸಿದ್ದೆ. ಆದರೆ ಆ ಕೈ ನೋಡಿದೆ. ಐವತ್ತು ವರ್ಷ ಅದನ್ನೇ ಹಿಡಿದ ಕೈ. ಅವಳ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ತುರುಕಿದ್ದು, ಹೇಳದೇ ಇದ್ದದ್ದು, ತಿಜೋರಿಯ ಸುಳ್ಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವಳ ಕೈ ಬರಿದಾದ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ನಾನು ನಾಲ್ಕನೆಯ ದಿನ ಸತ್ತ ಮುದುಕಿಯನ್ನೇ ನೆನೆಯುತ್ತಿದ್ದೆ. ಇವಳು ಎರಡು ದಿನವೂ ತಡೆಯುವುದಿಲ್ಲ ಅನ್ನಿಸಿತು.

"ಮುಂಜಾನಿಂದ ಎಲ್ಲೆಲ್ಲಿ ಹುಡುಕಿದಿ?" ಎಂದಳು ಕೊನೆಗೆ.

"ಬೆಳ್ಳಿ ಅಂಗಡ್ಯಾಗ. ಸೇತುವಿ ಕೆಳಗ."

"ಕಣ್ಣಿನ ದವಾಖಾನಿಗೆ ಹೋಗಿದ್ದೇನು?"

"ಅಲ್ಲ್ಯಾಕ ಹೋಗ್ಲಿ ಅತ್ತಿ?"

"ನಾನು ಆಕಿಗೆ ಹೇಳಿದ್ನಲ್ಲಪಾ, ಕಣ್ಣಿನ ದವಾಖಾನಿಗೆ ಹೊಂಟೀನವಾ ಅಂತ. ನನ್ನ ಹುಡುಕಿದ್ರ ಆಕಿ ಮತ್ತೆಲ್ಲಿ ಹುಡುಕ್ಯಾಳು?"

ಹುಡುಕಿದರೆ! ಆ ಮಾತು ಇಡೀ ದಿನದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ನಂಬಿಕೆಯಿಂದಲ್ಲ, ಬೇರೆ ದಾರಿಯಿಲ್ಲದೆ ಆಟೋ ಕರೆದೆ. ಅವನು ಕೇಳಿದಷ್ಟು ಕೊಡುತ್ತೇನೆಂದೆ. ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟಿದ್ದಳು. ಸಿಗ್ನಲ್ಲಿಗೆ ನಿಂತಾಗೆಲ್ಲ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ.

ದವಾಖಾನೆಯ ಗೇಟಿನಿಂದ ಸ್ವಲ್ಪ ಆಚೆ, ಬೇವಿನ ಮರದ ಕೆಳಗೆ, ಸೆರಗನ್ನು ಕೊರಳ ಸುತ್ತ ಬಿಗಿದು ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ತೊಡೆಯ ಮೇಲೆ ನಿದ್ದೆಹೋದ ಹೆಣ್ಣು ಕೂಸು, ಮಗ್ಗುಲಲ್ಲಿ ನಮ್ಮ ಗಂಟು. ಅತ್ತೆಯನ್ನು ಕಂಡದ್ದೇ ಎದ್ದು ನಿಂತಳು. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಅವ್ವಾರ, ನಾ ಕದ್ದಿಲ್ರಿ. ಕೂಸಿಗೆ ಕೊಡಾಕಂತ ಗಂಟು ಬಿಚ್ಚಿದ್ರ ಒಳಗಿತ್ರಿ. ಜೀವ ಝಲ್ ಅಂತು. ಓಡಿ ಬಂದ್ನಿ, ನಿಮ್ಮ ಆಟೋ ಹೋಗಿಬಿಟ್ಟಿತ್ತು. ಹಾದಿ ಕೇಳ್ಕೋಂತ ನಡಕೋಂತ ಬಂದೀನ್ರಿ. ಗೇಟಿನಾಂವ ಎರಡು ಸಲ ಹೊರಗ ಹಾಕಿದ. ಇದನ್ನ ನೆಲಕ್ಕ ಇಡಬಾರದು ಅಂತಾರ. ನಾವು ಮುಟ್ಟಬಾರದು ಅಂತನೂ ಅಂತಾರ. ಯಾರಾರ ನೋಡಿದ್ರ ಪೊಲೀಸರಿಗೆ ಹಿಡ್ಕೊಡ್ತಾರಂತ ಅಂಜಿ, ನನ್ನ ಕೊಳ್ಳಾಗೇ ಹಾಕ್ಕೊಂಡೀನ್ರಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊರಿ."

ಅವಳು ಸೆರಗು ಸರಿಸಿ ಕರಡಿಗೆಯನ್ನು ತೆಗೆದು ಮುಂದೆ ಹಿಡಿದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ಎದೆಗೊತ್ತಿಕೊಂಡಳು. ಅಲ್ಲೇ ಬೇರಿನ ಮೇಲೆ ಕುಸಿದು ಕೂತಳು.

"ಆದಮ್ಮಾ, ನಿನ್ನತ್ರ ನೀರು ಅದಾವೇನು?"

"ಅದಾವ್ರಿ. ಆದ್ರ ನಮ್ಮ ಚರಿಗಿ ನೀರು ನೀವು..."

"ತಾ ಬೇ."

ಅತ್ತೆ ಆ ಚರಿಗೆಯ ನೀರಿನಿಂದಲೇ ಅಂಗೈಯಲ್ಲಿನ ಲಿಂಗವನ್ನು ತೊಳೆದಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಆಮೇಲೆ ಚರಿಗೆ ಎತ್ತಿ ಗಟಗಟ ಕುಡಿದಳು. ಗಲ್ಲದಿಂದ ನೀರಿಳಿದು ಸೀರೆ ತೊಯ್ಯಿತು. ನಾನು ಮರ ಹಿಡಿದು ನಿಂತಿದ್ದೆ.

ಆದಮ್ಮ ಈಗ ನನ್ನ ಕಡೆ ತಿರುಗಿದಳು. ಅವಳ ದಿನದ ಕೂಲಿ ಹೋಗಿತ್ತು, ಮೇಸ್ತ್ರಿಯ ಲಾರಿ ಬೆಳಗ್ಗೆಯೇ ಹೊರಟುಹೋಗಿತ್ತು. ಅದನ್ನು ಅವಳು ಹೇಳಲಿಲ್ಲ, ಆಮೇಲೆ ಅತ್ತೆ ಕೇಳಿ ತಿಳಿದದ್ದು. ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ಅಣ್ಣಾರ, ಹಸಿವಿ ತಾಳದ ಕೂಸು ಎರಡು ರೊಟ್ಟಿ ತಿಂದೈತ್ರಿ. ಉಳಿದವು ಹಂಗ ಅದಾವು. ಎಣಿಸ್ಕೊರಿ."

ಬೇಡವ್ವಾ ಎಂದೆ. ಅವಳು ಕೈ ಹಿಂದೆಗೆಯದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬೆಳಗಿನಿಂದ ನಾನು ಇಡೀ ಊರಿಗೆ ಅಂಜಿಕೊಂಡು ತಿರುಗಿದ್ದೆ. ಅವಳು ಅಂಜುತ್ತಿದ್ದುದು ನನಗೆ.