ಮ್ಯಾಕ್‌ಫೆರನ್ನರ ಅಗೆಲು

ಕಾಪುವಿನ ದೀಪಸ್ತಂಭದಿಂದ ಕೂಗಳತೆ ದೂರದ ಬಾಡಿಗೆ ಮನೆಯಲ್ಲಿ ಅಡುಗೆ ಕೆಲಸದ ಸುಗಂಧಿ ಆಡಿನ ಹೊಟ್ಟೆಯ ಚೀಲವನ್ನು ಮೂರನೆಯ ಬಾರಿ ತೊಳೆಯುತ್ತಿದ್ದಳು. ಉಪ್ಪು, ಅರಸಿನ, ಲಿಂಬೆರಸ ಎಲ್ಲ ಆಗಿತ್ತು. ಮನೆಯೊಡತಿ ಐಲ್ಸಾ ಸ್ಕಾಟ್ಲೆಂಡಿನವರು, ಮಣಿಪಾಲದಲ್ಲಿ ನರ್ಸಿಂಗ್ ಕಲಿಸಲು ಗಂಡ ಯೂಯನ್ ಜೊತೆ ಬಂದು ಎರಡು ವರ್ಷವಾಗಿತ್ತು. ಅವರ ಊರಿನ ದೊಡ್ಡ ಊಟವೆಂದರೆ ಇದೇ ಅಂತೆ: ಗುಂಡಿಗೆ, ಯಕೃತ್ತು, ಶ್ವಾಸಕೋಶ ಕೊಚ್ಚಿ, ಓಟ್ಸ್ ಸೇರಿಸಿ, ಈ ಚೀಲದೊಳಗೆ ತುಂಬಿ ಹೊಲಿದು ಬೇಯಿಸಬೇಕು. ಹೆಸರು ಹ್ಯಾಗಿಸ್. ಬಿಳಿಯರು ಬರೀ ಬ್ರೆಡ್ಡು ಬೆಣ್ಣೆ ತಿಂದು ಬದುಕುತ್ತಾರೆಂದು ನಂಬಿದ್ದ ಸುಗಂಧಿಗೆ ಇದನ್ನು ಕೇಳಿ ಅವರ ಮೇಲೆ ಗೌರವ ಹೆಚ್ಚಿತ್ತು. ಆಡಿನ ಒಂದು ಚೂರನ್ನೂ ಬಿಸಾಡದ ಜನ ಕೆಟ್ಟವರಿರಲಿಕ್ಕಿಲ್ಲ.

ಮಸಾಲೆಗೆ ಬರೀ ಕಾಳುಮೆಣಸು, ನೀರುಳ್ಳಿ ಸಾಕು ಎಂದು ಐಲ್ಸಾ ಹೇಳಿದ್ದರು. ಆದರೆ ಸುಗಂಧಿಯ ಕೈ ಕೇಳಬೇಕಲ್ಲ. ಯಾರೂ ನೋಡದಾಗ ಹುರಿದ ಕೊತ್ತಂಬರಿ ಒಂದು ಹಿಡಿ, ಶುಂಠಿ ಒಂದು ತುಂಡು ಬಿತ್ತು. ಹಿಂದಿನ ವಾರ ಹೀಗೆಯೇ ಒಮ್ಮೆ ಮಾಡಿದ್ದನ್ನು ರುಚಿ ನೋಡಿದ ಐಲ್ಸಾ ಕಣ್ಣು ಮುಚ್ಚಿಕೊಂಡು, ನನ್ನಜ್ಜಿ ಮಾಡಿದ ಹಾಗೆಯೇ ಉಂಟು ಎಂದಿದ್ದರು. ಸುಗಂಧಿ ನಕ್ಕು ಕೊತ್ತಂಬರಿಯ ಡಬ್ಬಿಯನ್ನು ಹಿಂದಕ್ಕೆ ಸರಿಸಿದ್ದಳು. ಪಕ್ಕಕ್ಕೆ ಅವರೂರಿನ ಗೆಡ್ಡೆ ಸಿಗದೆ ನವಿಲುಕೋಸು ಬೇಯಿಸಿ ಹಿಸುಕುವುದೆಂದು ಮಾತಾಗಿತ್ತು.

ಈ ತಯಾರಿಯೆಲ್ಲ ಒಂದು ಕುಲದ ಕೂಟಕ್ಕೆ. ಐಲ್ಸಾರ ಊರಲ್ಲಿ ಪ್ರತಿ ಬೇಸಿಗೆ ಮ್ಯಾಕ್‌ಫೆರನ್ ಎಂಬ ಹೆಸರಿನವರೆಲ್ಲ ಒಂದು ಸರೋವರದ ಬದಿಯಲ್ಲಿ ಸೇರುತ್ತಾರಂತೆ. ಕೆನಡಾದಿಂದ, ನ್ಯೂಜಿಲೆಂಡಿನಿಂದ, ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದು ಡೇರೆ ಹಾಕುತ್ತಾರೆ. ಈ ಸಲ ಊರಿಗೆ ಹೋಗಲಾಗದ ಐಲ್ಸಾ ಕೂಟವನ್ನೇ ಇಲ್ಲಿಗೆ ಕರೆಸಿದ್ದರು. ಗೋವಾ ನೋಡಲು ಬಂದಿದ್ದ ಮುದುಕ ದಂಪತಿ, ಮಂಗಳೂರಿನ ಒಬ್ಬ ಹಡಗಿನ ಇಂಜಿನಿಯರು, ಮಣಿಪಾಲದಲ್ಲಿ ಓದುವ ಇಬ್ಬರು ಹುಡುಗಿಯರು, ಎಲ್ಲರೂ ಒಂದೇ ಹೆಸರಿನವರು. ಇಸವಿ ಎರಡು ಸಾವಿರದ ನಾಲ್ಕು, ನವೆಂಬರಿನ ಕೊನೆಯ ದಿನ, ಅವರ ನಾಡಿನ ಹಬ್ಬ. ಐಲ್ಸಾ ತೋರಿಸಿದ ಫೋಟೋಗಳನ್ನು ನೋಡಿದ ಮೇಲೆ ಸುಗಂಧಿ ಒಗ್ಗರಣೆ ಹಾಕುತ್ತ ಹಾಕುತ್ತ ಎಷ್ಟೋ ಸಲ ಆ ಊರಿಗೆ ಹೋಗಿಬಂದಿದ್ದಳು. ಅಲ್ಲಿ ಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ಹುಲ್ಲಿನ ಮೇಲೆ ನೂರಾರು ಜನ ನಿಂತಿದ್ದರು, ಅವರಲ್ಲಿ ಯಾರೂ ಅವಳನ್ನು ನೀನು ಯಾರು ಎಂದು ಕೇಳುತ್ತಿರಲಿಲ್ಲ.

ಆ ಕೇಳುವಿಕೆಯ ಭಯ ಅವಳಿಗೆ ಹತ್ತೊಂಬತ್ತು ವರ್ಷದ್ದು. ತುಳುವರಲ್ಲಿ ಬರಿ ಎಂದರೆ ತಾಯಿಯಿಂದ ಬರುವ ಕುಲ. ಒಂದೇ ಬರಿಯ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅಣ್ಣ ತಂಗಿಯ ಲೆಕ್ಕ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಪ್ಪಿಯ ಮಗಳು ಸುಗಂಧಿ, ಹೂವಿನ ವ್ಯಾನು ಓಡಿಸುತ್ತಿದ್ದ ಉಮಾನಾಥನಿಗೆ ಮನಸ್ಸು ಕೊಟ್ಟಳು. ಕೊಡುವಾಗ ಬರಿ ಕೇಳಲಿಲ್ಲ. ಆ ವಯಸ್ಸಿನಲ್ಲಿ ಯಾರು ಕೇಳುತ್ತಾರೆ? ಕೇಳಿದಾಗ ಹೊತ್ತು ಮೀರಿತ್ತು. ಇಬ್ಬರೂ ಓಡಿಹೋಗಿ ಮದುವೆಯಾದರು, ಕುಟುಂಬ ಇಬ್ಬರನ್ನೂ ಹೊರಗಿಟ್ಟಿತು. ಮೂರು ವರ್ಷದ ಹಿಂದೆ ಅಪ್ಪಿ ತೀರಿಕೊಂಡಾಗ ಸುದ್ದಿ ಬಂದದ್ದು ಉತ್ತರಕ್ರಿಯೆಯ ಬೊಜ್ಜವೂ ಮುಗಿದ ಮೇಲೆ. ವರ್ಷಕ್ಕೊಮ್ಮೆ ಕಾರ್ಕಳದ ಕುಟುಂಬದ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುತ್ತಾರೆ. ಅಮ್ಮನಿಗೂ ಬಡಿಸುತ್ತಾರೆ, ಅಣ್ಣ ಬಡಿಸುತ್ತಾನೆ. ತನ್ನ ಕೈಯಿಂದ ಅಮ್ಮನಿಗೆ ಒಂದೇ ಒಂದು ಎಲೆ ಹಾಕಬೇಕೆಂಬುದು ಸುಗಂಧಿಗಿದ್ದ ಒಂದೇ ಆಸೆ. ಹಾಕಿದರೆ ಅದು ಸಲ್ಲುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಬರಿಯಿಂದ ಹೊರಗಾದವಳ ಕೈಯ ಅನ್ನ ದಾರಿಯಲ್ಲೇ ಉಳಿಯುತ್ತದೆ. ಈ ಸಂಕಟವನ್ನು ಅವಳು ಒಮ್ಮೆ ಐಲ್ಸಾರ ಹತ್ತಿರ ಹೇಳಿಕೊಂಡಿದ್ದಳು.

ಆ ದಿನ ಸಂಜೆ ನಾಲ್ಕೂವರೆಗೇ ನೆಂಟರು ಬಂದರು. ಗಂಡಸರು ಚೌಕುಳಿ ಬಟ್ಟೆಯನ್ನು ನಮ್ಮ ಲುಂಗಿ ಎತ್ತಿ ಕಟ್ಟಿದ ಹಾಗೆ ಮೊಣಕಾಲಿನವರೆಗೆ ಉಟ್ಟಿದ್ದರು. ಈಗ ಇದೇ ಮನೆಯ ಕಾರಿನ ಚಾಲಕನಾಗಿದ್ದ ಉಮಾನಾಥ ಅವರನ್ನು ನೋಡಿ ನಗು ತಡೆಯಲಾರದೆ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿದ. ಯೂಯನ್ ಚೀಲದ ಪೀಪಿಯನ್ನು ಕಂಕುಳಲ್ಲಿ ಒತ್ತಿ ನುಡಿಸತೊಡಗಿದರು. ಅದರ ಸ್ವರ ಸಮುದ್ರದ ಸದ್ದಿನ ಜೊತೆ ಸೇರಿ, ಎಲ್ಲಿ ಮುಗಿಯಿತು ಎಲ್ಲಿ ಸುರುವಾಯಿತು ಎಂದು ತಿಳಿಯದಂತಾಯಿತು. ಬಲೆ ಒಣಗಿಸುತ್ತಿದ್ದ ಮೊಗವೀರ ಹೆಂಗಸರು ಕೆಲಸ ಬಿಟ್ಟು ನಿಂತರು. ಸುಗಂಧಿಗೆ ಒಂದು ಗಳಿಗೆ ತಾನು ಯಾವ ತೀರದಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ಎಡವಟ್ಟು ಆದದ್ದು ಊಟದ ಹೊತ್ತಿಗೆ. ಮೊದಲು ನಮ್ಮ ಸತ್ತ ಒಂಬತ್ತು ಜನಕ್ಕೆ, ಆಮೇಲೆ ನಮಗೆ ಎಂದು ಐಲ್ಸಾ ಬೆಳಿಗ್ಗೆ ಹೇಳಿದ್ದರು. ತೀರಿಹೋದವರ ಹೆಸರು ಹೇಳಿ, ಲೋಟ ಎತ್ತಿ ಒಂದು ಗುಟುಕು ಕುಡಿಯುವುದು, ಅವರ ಪದ್ಧತಿ ಅಷ್ಟೇ. ಸುಗಂಧಿ ಮಾತ್ರ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಊಟದ ಕೋಣೆಯ ಮೇಜು ಬದಿಗೆ ಸರಿಸಿ, ನೆಲ ಒರೆಸಿ, ಹತ್ತು ಬಾಳೆಲೆ ಹಾಸಿ, ದೀಪ ಹಚ್ಚಿದಳು. ಹಸಿದು ಬಂದ ನೆಂಟರನ್ನು ಚಾವಡಿಯಲ್ಲೇ ತಡೆದು, ಈಗ ಯಾರೂ ಒಳಗೆ ಬರಬಾರದು, ಮನೆಯವರು ಬಡಿಸಿ ಬಾಗಿಲು ಹಾಕಬೇಕು, ಅವರದ್ದು ಆದ ಮೇಲೆ ನಮ್ಮದು ಎಂದಳು. ಉಮಾನಾಥ ಅದನ್ನು ಹಿಂದೆ ಬಹರೈನಿನಲ್ಲಿ ದುಡಿಯುವಾಗ ಕಲಿತ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದ. ಹಡಗಿನ ಇಂಜಿನಿಯರು ಎಷ್ಟು ಹೊತ್ತು ಎಂದು ಕೇಳಿದರು. ಸತ್ತವರು ಉಣ್ಣುವಷ್ಟು ಹೊತ್ತು ಎಂದ ಉಮಾನಾಥ.

ಐಲ್ಸಾ ಬಾಗಿಲಲ್ಲಿ ನಿಂತು ಎಲೆಗಳನ್ನು ಬಹಳ ಹೊತ್ತು ನೋಡಿದರು. ತಪ್ಪಾಯಿತೇನೋ ಎಂದು ಸುಗಂಧಿಗೆ ಅನಿಸಿತು. ಆದರೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಹ್ಯಾಗಿಸ್ ಬಟ್ಟಲನ್ನು ಕೈಗೆತ್ತಿಕೊಂಡರು. ಒಂದೊಂದು ಎಲೆಗೆ ಬಡಿಸುವಾಗಲೂ ಒಂದೊಂದು ಹೆಸರು ಹೇಳಿದರು. ಅಜ್ಜಿ, ಅಪ್ಪ, ಸಮುದ್ರದಲ್ಲಿ ಹೋದ ಚಿಕ್ಕಪ್ಪ, ಮೂರು ತಿಂಗಳು ಬದುಕಿದ್ದ ಒಂದು ಮಗು. ಅವರ ಧ್ವನಿ ಒಂಬತ್ತನೆಯ ಎಲೆಯ ಹತ್ತಿರ ನಿಂತಿತು. ಇನ್ನೊಂದು ಎಲೆ ಖಾಲಿ ಉಳಿದಿತ್ತು.

"ಇದು ನಿನ್ನ ತಾಯಿಗೆ, ಅಲ್ವಾ?" ಎಂದರು ಐಲ್ಸಾ, ಪಾಠದ ಪುಸ್ತಕದ ಕನ್ನಡದಲ್ಲಿ.

ಸುಗಂಧಿ ಆ ಎಲೆಯ ತುದಿ ಹಿಡಿದಳು. ಹತ್ತು ಎಲೆ ಹಾಕಿದ್ದು ತಾನೇ ಹೌದು. ಲೆಕ್ಕ ತಪ್ಪಿತು ಎಂದು ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

"ನನ್ನ ಕೈಯದ್ದು ಅಮ್ಮನಿಗೆ ಸಲ್ಲುವುದಿಲ್ಲ ಮೇಡಂ," ಎಂದಳು. "ಒಂದೇ ಬರಿಯಲ್ಲಿ ಮದುವೆ ಆದವಳು ನಾನು. ಎಲೆ ತೆಗೆಯುತ್ತೇನೆ."

ಐಲ್ಸಾ ಬಟ್ಟಲನ್ನು ಕೆಳಗಿಟ್ಟರು. "ನಾನು ಹುಟ್ಟುವಾಗಲೇ ಮ್ಯಾಕ್‌ಫೆರನ್. ಯೂಯನ್ ಕೂಡ ಹುಟ್ಟುವಾಗಲೇ ಮ್ಯಾಕ್‌ಫೆರನ್. ನಮ್ಮ ಮದುವೆಗೆ ಕುಲದವರೆಲ್ಲ ಬಂದು ಕುಣಿದರು. ನಿನ್ನದು ಸಲ್ಲುವುದಿಲ್ಲ ಎಂದಾದರೆ ನನ್ನದೂ ಸಲ್ಲುವುದಿಲ್ಲ. ಹೇಳು, ಈ ಒಂಬತ್ತು ಎಲೆಗಳನ್ನೂ ತೆಗೆಯಲಾ?"

ಸುಗಂಧಿ ಎಲೆಗಳನ್ನು ನೋಡಿದಳು. ಮೂರು ತಿಂಗಳ ಮಗುವಿನ ಎಲೆಯ ಮೇಲೆ ಐಲ್ಸಾ ಬರೀ ಒಂದು ಚಮಚ ಹಾಲು ಇಟ್ಟಿದ್ದರು. ಆ ಹಾಲು ಸಲ್ಲುವುದಿಲ್ಲ ಎನ್ನಲು ಅವಳಿಗೆ ಯಾವ ಬಾಯಿ? ಯಾವ ದೈವ ಹೇಳೀತು ಹಾಗೆ?

ಅವಳು ಬಟ್ಟಲು ತೆಗೆದುಕೊಂಡು ಹತ್ತನೆಯ ಎಲೆಗೆ ಬಡಿಸಿದಳು. ಹ್ಯಾಗಿಸ್, ನವಿಲುಕೋಸು, ಪಕ್ಕದಲ್ಲಿ ತನ್ನ ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ಒಂದು ಹಿಡಿ. ಅಪ್ಪಿ ಎಂದು ಹೆಸರು ಹೇಳಿದಳು. ಐಲ್ಸಾ ಕೂಡ ಹೇಳಿದರು. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಚಾವಡಿಯಲ್ಲಿ ಮ್ಯಾಕ್‌ಫೆರನ್ನರು ಸಾಲಾಗಿ ನಿಂತಿದ್ದರು. ಸೂರ್ಯ ಮುಳುಗಿ ಸಮುದ್ರದ ಮೇಲೆ ಕುಂಕುಮದ ಬಣ್ಣ ಇನ್ನೂ ಉಳಿದಿತ್ತು, ದೀಪಸ್ತಂಭದ ಬೆಳಕು ಆಗ ತಾನೇ ಸುತ್ತತೊಡಗಿತ್ತು. ಗೋವಾದಿಂದ ಬಂದ ಮುದುಕಿ ಗಂಡನ ಕೈ ಹಿಡಿದುಕೊಂಡು ಅಳುತ್ತಿದ್ದರು. ಅಮ್ಮ ಬಂದಿರಬಹುದೇ ಎಂದು ಸುಗಂಧಿ ಕಿವಿಗೊಟ್ಟಳು. ಬದುಕಿದ್ದಾಗ ಮಗಳ ಮನೆಯ ಮೆಟ್ಟಿಲು ಹತ್ತಿದವಳಲ್ಲ. ಗುರುತಿಲ್ಲದವರ ನಡುವೆ ಕೂತು, ಕಂಡು ಕೇಳರಿಯದ ಊಟದ ಮುಂದೆ ನಾಚುತ್ತಿದ್ದಾಳೋ ಏನೋ.

ಕಾರಿನ ಹತ್ತಿರವೇ ನಿಂತಿದ್ದ ಉಮಾನಾಥ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ. ಅಪ್ಪಿಯನ್ನು ಅವನು ಬದುಕಿನಲ್ಲಿ ಏನೆಂದೂ ಕರೆದವನಲ್ಲ. ಬರಿಯ ಲೆಕ್ಕದಲ್ಲಿ ಅವನು ಆಕೆಗೆ ಮಗನಾಗಬೇಕಿತ್ತು, ಅಳಿಯನಾಗಲು ಯಾರೂ ಬಿಡಲಿಲ್ಲ. ಅವನು ಮುಚ್ಚಿದ ಬಾಗಿಲಿಗೆ ಮುಖ ಕೊಟ್ಟು ಕೈ ಮುಗಿದ.

"ಮಾಮೀ, ನಾನು ನಿಮ್ಮ ಅಳಿಯ," ಎಂದ. "ನಿಧಾನವಾಗಿ ಊಟ ಮಾಡಿ. ನಾವು ಹೊರಗೆ ಇದ್ದೇವೆ."

ಸುಗಂಧಿ ಬಾಗಿಲು ತೆರೆಯಲು ಅವಸರ ಮಾಡಲಿಲ್ಲ.